ಮಾರ್ಸೇಯಲ್ಲಿ ಮಧ್ಯಾಹ್ನದ ಊಟ: ಬೂಯಾಬೇಸೋ, ಪಚ್ಚಿಲೆಯೋ?

ಕ್ರೂಸ್ ಹಡಗು ಫ್ರಾನ್ಸಿನ ಬಂದರು ಊರಾದ ಮಾರ್ಸೇಯಲ್ಲಿ ನಿಲ್ಲುವುದು ಒಂದು ಹಗಲು. ಸಿಗುವುದು ಒಂದೇ ಊಟ. ಎರಡು ಪ್ರವಾಸಗಳಲ್ಲಿ ಎರಡು ಬಗೆ ತಿಂದು ನೋಡಿದೆ. ಮೂರನೇ ಸಲ ಹೋದರೆ ನಾನು ಸೀದಾ ಪಚ್ಚಿಲೆಗೇ (ಚಿಪ್ಪಿನೊಳಗೆ ಬೆಳೆಯುವ ಕಡಲ ಜೀವಿ) ಕೂರುವವಳು.

ಮೊದಲ ಸಲ ತಿಂದದ್ದು ಬೂಯಾಬೇಸ್, ಆ ಊರಿನ ಹೆಸರುವಾಸಿ ಮೀನಿನ ಸಾರು. ರುಚಿಗೆ ಒಂದು ಮಾತೂ ಆಡುವಂತಿಲ್ಲ. ಕೇಸರಿ ಹಾಕಿ ಕುದಿಸಿದ ಸಾರು ಮೊದಲು ಬರುತ್ತದೆ. ಗರಿಗರಿ ಬ್ರೆಡ್ ಚೂರಿಗೆ ಬೆಳ್ಳುಳ್ಳಿ ಉಜ್ಜಿ, ರೂಯ್ ಅನ್ನುವ ಕೆಂಪು ಚಟ್ನಿಯಂಥದ್ದನ್ನು ಹಚ್ಚಿ, ಸಾರಿನಲ್ಲಿ ತೇಲಿಬಿಡಬೇಕು. ಮೀನು ಬೇರೆ ತಟ್ಟೆಯಲ್ಲಿ. 1980ರಲ್ಲಿ ಅಲ್ಲಿನ ಕೆಲವು ಹೋಟೆಲಿನವರು ಸೇರಿ ಇದಕ್ಕೊಂದು ಕಟ್ಟಳೆ ಮಾಡಿಕೊಂಡರು. ಕನಿಷ್ಠ ನಾಲ್ಕು ಜಾತಿ ಮೀನು ಇರಬೇಕು, ತಿನ್ನುವವರ ಎದುರೇ ಬಿಡಿಸಿ ಕೊಡಬೇಕು.

ತೊಂದರೆ ಆದದ್ದು ಹೊತ್ತಿನದು. ಹನ್ನೆರಡೂವರೆಗೆ ಕೂತೆವು. ಮೊದಲೇ ಹೇಳಿಟ್ಟಿರಲಿಲ್ಲ, ಹಾಗಾಗಿ ಸಾರು ಬರುವಾಗ ಒಂದೂವರೆ. ಇಡೀ ಮೀನು ತಂದು ತೋರಿಸಿ, ನಿಧಾನಕ್ಕೆ ಮುಳ್ಳು ಬಿಡಿಸಿ ಬಡಿಸುವಾಗ ಎರಡೂ ಕಾಲು. ನಾಲ್ಕೂವರೆಗೆ ಹಡಗಿನಲ್ಲಿರಬೇಕು. ನಮ್ಮವರು ಮೀನಿಗಿಂತ ಜಾಸ್ತಿ ಗಡಿಯಾರವನ್ನೇ ನೋಡುತ್ತಿದ್ದರು.

ಬಿಲ್ಲಿಗೂ ಕಾದೆವು. ಫ್ರಾನ್ಸಿನಲ್ಲಿ ನಾವು ಕೇಳದೆ ಬಿಲ್ ತರುವ ರೂಢಿ ಇಲ್ಲ, ಅದು ನಮಗೆ ಗೊತ್ತಿರಲಿಲ್ಲ. ಸುಮ್ನೆ ಕೂತೇ ಇದ್ದೆವು! ಹಡಗುಕಟ್ಟೆ ಹಳೇ ಬಂದರಿನಿಂದ ನಡೆದು ಹೋಗುವಷ್ಟು ಹತ್ತಿರ ಇಲ್ಲ. ಶಟಲ್ ಬಸ್ಸೂ ತಪ್ಪಿತು, ಟ್ಯಾಕ್ಸಿಗೆ ಓಡಿದೆವು. ಅಂಥ ಒಳ್ಳೆಯ ಮೀನನ್ನು ಗಬಗಬ ನುಂಗಿದ್ದು ಈಗಲೂ ನೆನಪಾದರೆ ಬೇಜಾರು.

ಎರಡನೇ ಸಲ ತಂಗಿ ಜೊತೆಗಿದ್ದಳು. ಬೆಳಿಗ್ಗೆ ಹಳೇ ಬಂದರಿನ ಮೀನು ಮಾರುಕಟ್ಟೆ ನೋಡಿ, ಹನ್ನೆರಡಕ್ಕೇ ಒಂದು ಚಿಕ್ಕ ಹೋಟೆಲಿನಲ್ಲಿ ಮೂಲ್ ಮರಿನಿಯೇರ್ ಹೇಳಿದೆವು. ನಮ್ಮ ಕರಾವಳಿಯ ಪಚ್ಚಿಲೆಯ ಬಳಗದ್ದೇ, ಬಿಳಿ ವೈನು, ಸಣ್ಣೀರುಳ್ಳಿ ಹಾಕಿ ಬೇಯಿಸಿದ್ದು. ಕಾಲು ಗಂಟೆಯಲ್ಲಿ ಹಬೆಯಾಡುವ ಪಾತ್ರೆ ಮೇಜಿಗೆ ಬಂತು. ಪಕ್ಕದ ಮೇಜಿನ ಅಜ್ಜಿ ಖಾಲಿ ಚಿಪ್ಪನ್ನೇ ಚಿಮಟದಂತೆ ಹಿಡಿದು ಉಳಿದವನ್ನು ಕೀಳುತ್ತಿದ್ದರು. ನಾವೂ ಹಾಗೇ ತಿಂದೆವು. ತಳದ ರಸಕ್ಕೆ ಬ್ರೆಡ್ ಅದ್ದಿ ಪಾತ್ರೆ ಒರೆಸಿಟ್ಟೆವು.

ಖರ್ಚು: ಬೂಯಾಬೇಸ್‌ಗೆ ತಲೆಗೆ 70 ಯೂರೋ ದಾಟಿತ್ತು, ಪಚ್ಚಿಲೆಗೆ 20ರ ಒಳಗೇ ಮುಗಿಯಿತು. ನೀರಿಗೆ ಎರಡೂ ಕಡೆ ಕಾಸಿಲ್ಲ, 'ಕರಾಫ್ ದೋ' ಎಂದು ಕೇಳಿ, ಹೂಜಿಯಲ್ಲಿ ನಲ್ಲಿ ನೀರು ಕೊಡುತ್ತಾರೆ.

ರಾತ್ರಿ ಮಾರ್ಸೇಯಲ್ಲೇ ಉಳಿಯುವವರಾದರೆ ಬೂಯಾಬೇಸ್‌ಗೇ ಹೋಗಿ. ಹಿಂದಿನ ದಿನವೇ ಹೇಳಿಡಿ.