ಕೆಳಗೆ ಗಣಿ, ಮೇಲೆ ಬಂಡೆ: ಸ್ಕೋರ್ ಹಾಕೋದಾ, ಸಿಮ್ಯುಲೇಷನ್ ಮಾಡ್ಸೋದಾ?

ಅಮೆರಿಕದ ಯೂಟಾದಲ್ಲಿ ವಸಾಚ್ ಪ್ರಸ್ಥಭೂಮಿ ಇದೆಯಲ್ಲ, ಅಲ್ಲಿ ಕ್ಯಾಸಲ್‌ಗೇಟ್ ಮರಳುಗಲ್ಲಿನ ಕಡಿದಾದ ಬಂಡೆಗೋಡೆ, ಅದರಡಿ ಲಾಂಗ್‌ವಾಲ್ ಕಲ್ಲಿದ್ದಲು ಗಣಿ, ಅಂದ್ರೆ ಉದ್ದುದ್ದ ಪಟ್ಟಿಯಾಗಿ ಕಲ್ಲಿದ್ದಲು ತೆಗೆದು ಮೇಲಿನ ಕಲ್ಲನ್ನ ಕುಸಿಯೋಕೆ ಬಿಡೋ ಥರದ್ದು. ಕಲ್ಲಿದ್ದಲು ತೆಗೆದ ಹಾಗೆ ನೆಲ ಕುಸಿಯತ್ತೆ, ಗೋಡೆ ಬಿರುಕು ಬಿಡತ್ತೆ, ಕಲ್ಲು ಉರುಳತ್ತೆ. ಇಂಥ ಕಡೆ ಅಪಾಯ ಅಳೆಯೋಕೆ ಯಾವುದು ವಾಸಿ?

ಒರೆಗಾನ್ ಹೆದ್ದಾರಿ ಇಲಾಖೆಯವರ ಆರ್‌ಎಚ್‌ಆರ್‌ಎಸ್ (ಕಲ್ಲು ಉರುಳೋ ಅಪಾಯಕ್ಕೆ ಸ್ಕೋರ್ ಹಾಕೋ ಪದ್ಧತಿ) ಅಗ್ಗ, ಬೇಗ ಮುಗಿಯತ್ತೆ. ಇಳಿಜಾರಿನ ಎತ್ತರ, ಕಲ್ಲಿನ ಸೈಜು, ರಸ್ತೆ ಪಕ್ಕದ ಚರಂಡಿ ಎಷ್ಟು ತಡೆಯತ್ತೆ ಅಂತೆಲ್ಲ ನೋಡಿ 3, 9, 27, 81 ಅಂತ ಅಂಕ ಕೊಡೋದು. ಹತ್ತಾರು ಇಳಿಜಾರು ಇದ್ರೆ ಯಾವುದು ಮೊದ್ಲು ಅಂತ ವಿಂಗಡಿಸೋಕೆ ಸಾಕು. ಆದ್ರೆ ಅದು ರಸ್ತೆಗೆ ಅಂತ ಮಾಡಿದ್ದು, ಕೆಳಗೆ ಗಣಿ ಮುಂದುವರೀತಾ ಇದೆ ಅನ್ನೋದಕ್ಕೆ ಅದರಲ್ಲಿ ಕಾಲಮ್ಮೇ ಇಲ್ಲ, ಇವತ್ತು ಕೊಟ್ಟ ಅಂಕ ನಾಳೆ ಪ್ಯಾನೆಲ್ (ಗಣಿಯಲ್ಲಿ ಕಲ್ಲಿದ್ದಲು ತೆಗೆಯೋ ಒಂದೊಂದು ಪಟ್ಟಿ) ಕೆಳಗೆ ದಾಟಿದ ಮೇಲೆ ಸುಳ್ಳಾಗಬಹುದು.

ಸಿಆರ್‌ಎಸ್‌ಪಿ (ಕಲ್ಲು ಉರುಳೋದನ್ನ ಲೆಕ್ಕ ಹಾಕಿ ತೋರಿಸೋ ಕಂಪ್ಯೂಟರ್ ಪ್ರೋಗ್ರಾಂ) ಥರದ ಸಿಮ್ಯುಲೇಷನ್‌ಗೆ ಇಳಿಜಾರಿನ ಪ್ರೊಫೈಲ್, ಮೇಲ್ಮೈ ಒರಟುತನ, ಕಲ್ಲಿನ ಗಾತ್ರ ಕೊಟ್ರೆ ಎಷ್ಟೆತ್ತರ ಪುಟಿಯತ್ತೆ, ಎಷ್ಟು ವೇಗ ಅಂತ ಹೇಳತ್ತೆ, ತಡೆಬೇಲಿ ಡಿಸೈನ್ ಮಾಡೋರಿಗೆ ಇದು ಬೇಕೇ ಬೇಕು. ಕಲ್ಲು ಯಾವಾಗ ಕಳಚತ್ತೆ ಅಂತ ಮಾತ್ರ ಅದನ್ನ ಕೇಳಬೇಡಿ!

ನನ್ನ ಕೇಳಿದ್ರೆ, ಬುಡದಲ್ಲಿ ರಸ್ತೆ ಅಥವಾ ಮನೆ ಇದ್ರೆ ದುಡ್ಡು ಸಿಮ್ಯುಲೇಷನ್‌ಗೆ ಹಾಕಿ, ಜೊತೆಗೆ ಬಿರುಕುಗಳ ಅಗಲ ಆಗಾಗ ಅಳೀತಾ ಇರಿ. ಬರೀ ಕಾಡಾದ್ರೆ ಸ್ಕೋರೇ ಸಾಕು.