ಕಲಬುರಗಿಯ ಬೇಸಿಗೆಗೆ ಸೋತ ಪೋಲಾರಿಮೀಟರ್

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಬೋಧಿಸುವ ನಾನು, ಆಮ್ಲದಲ್ಲಿ ಸಕ್ಕರೆ ಒಡೆಯುವ ವೇಗವನ್ನು ಅಳೆಯಲೆಂದೇ ಈ ಕೈಚಾಲಿತ ಪೋಲಾರಿಮೀಟರನ್ನು, ಅಂದರೆ ಧ್ರುವೀಕೃತ ಬೆಳಕನ್ನು (ಒಂದೇ ಸಮತಲದಲ್ಲಿ ಕಂಪಿಸುವ ಬೆಳಕು) ದ್ರಾವಣ ಎಷ್ಟು ತಿರುಗಿಸುತ್ತದೆಂದು ಅಳೆಯುವ ಉಪಕರಣವನ್ನು, ತರಿಸಿದ್ದೆ.

ಮಸೂರ, ಮಾಪಕಗಳಲ್ಲಿ ದೋಷವಿಲ್ಲ. ನೂರು ಮಿಲಿಲೀಟರಿಗೆ 20 ಗ್ರಾಂ ಸಕ್ಕರೆಯುಳ್ಳ ದ್ರಾವಣಕ್ಕೆ ಅಷ್ಟೇ ಗಾತ್ರದ, 2 ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ 20 ಸೆಂ.ಮೀ. ಕೊಳವೆಯಲ್ಲಿ ತುಂಬಿದರೆ, ಧ್ರುವೀಕೃತ ಬೆಳಕು ಮೊದಲು ಬಲಕ್ಕೆ ಸುಮಾರು 13 ಡಿಗ್ರಿ ತಿರುಗುತ್ತದೆ. ಸುಕ್ರೋಸ್ (ಅಂದರೆ ಸಕ್ಕರೆ) ನೀರನ್ನು ಕೂಡಿಕೊಂಡು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದಂತೆಲ್ಲ, ಫ್ರಕ್ಟೋಸ್ ಎಡಕ್ಕೆ ತಿರುಗಿಸುವ ಶಕ್ತಿ ಗ್ಲೂಕೋಸಿನ ಬಲತಿರುವಿಗಿಂತ ಹೆಚ್ಚಾದ್ದರಿಂದ, ಅಳತೆ ಶೂನ್ಯವನ್ನು ದಾಟಿ ಎಡಕ್ಕೆ 4 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಡಿಸೆಂಬರಿನಲ್ಲಿ ನಮಗೆ ಎರಡೂ ಅಂಕಿಗಳು ಸರಿಯಾಗಿ ದೊರೆತವು. 1850ರಲ್ಲಿ ಜರ್ಮನಿಯ ವಿಜ್ಞಾನಿ ವಿಲ್ಹೆಲ್ಮಿ ಇದೇ ಕ್ರಿಯೆಯನ್ನು ಇದೇ ಬಗೆಯಲ್ಲಿ ಅಳೆದು, ವೇಗವು ಉಳಿದ ಸಕ್ಕರೆಯ ಪ್ರಮಾಣವನ್ನು ಅವಲಂಬಿಸಿದೆ ಎಂದು ತೋರಿಸಿದ್ದರು; ಉಳಿದ ಸಕ್ಕರೆಯ ಲಾಗರಿದಮನ್ನು ಸಮಯಕ್ಕೆದುರಾಗಿ ಗುರುತಿಸಿದ ವಿದ್ಯಾರ್ಥಿಗಳ ಆಲೇಖವೂ ಸರಳರೇಖೆಯಾಗಿಯೇ ಬಂದಿತು.

ತೊಂದರೆ ಶುರುವಾದದ್ದು ಏಪ್ರಿಲಿನಲ್ಲಿ. ಈ ಪ್ರಮಾಣದ ಆಮ್ಲದಲ್ಲಿ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅರ್ಧ ಸಕ್ಕರೆ ಒಡೆಯಲು ಸುಮಾರು ಒಂದು ಗಂಟೆ ಬೇಕು, 35ಕ್ಕೆ ಏರಿದರೆ ಕಾಲು ಗಂಟೆ ಸಾಕು. ನಮ್ಮ ಊರಿನಲ್ಲಿ ಹೊರಗೆ 40 ದಾಟಿದ ಮಧ್ಯಾಹ್ನ, ಗುಳ್ಳೆಯಿಲ್ಲದಂತೆ ಕೊಳವೆ ತುಂಬಿ, ಕಣ್ಣಿಗೆ ಕಾಣುವ ವೃತ್ತದ ಎರಡೂ ಅರ್ಧಗಳ ಮಬ್ಬು ಸಮವಾಗುವ ಬಿಂದುವನ್ನು ಹುಡುಕುವಷ್ಟರಲ್ಲಿ ಸಕ್ಕರೆ ಬಹುಪಾಲು ಹೋಗಿರುತ್ತದೆ. ಉಷ್ಣತೆ ಏರದಂತೆ ಕೊಳವೆಯ ಸುತ್ತ ನೀರು ಹರಿಸುವ ಹೊರಕವಚವಿಲ್ಲ. ಕೇಳಿದರೆ ಅದು ಬೇರೆ, ಅದಕ್ಕೆ ಪ್ರತ್ಯೇಕ ದರ ಎಂದು ಮಾರಿದವರು ಹೇಳಿದರು. ಬೆಲೆ ಹೇಳುವಾಗ ಈ ಮಾತು ಬರಲಿಲ್ಲ. ನಡುವೆ ಕರೆಂಟ್ ಹೋದರಂತೂ ಸೋಡಿಯಂ ದೀಪ ಮತ್ತೆ ಕಾದು ಹಳದಿಗೆ ಬರಲು ಹಲವು ನಿಮಿಷ ಹಿಡಿಯುತ್ತದೆ, ಕೊಳವೆಯೊಳಗಿನ ಕ್ರಿಯೆ ಮಾತ್ರ ಕಾಯುವುದಿಲ್ಲ.

ಕಬ್ಬು ಬೆಳೆಯುವ ಮನೆಯ ಹುಡುಗನೊಬ್ಬ, ಕಟಾವಾದ ಕಬ್ಬು ಬಿಸಿಲಿನಲ್ಲಿ ನಿಂತರೆ ಸಕ್ಕರೆ ಇಳುವರಿ ಇಳಿಯುವುದೂ ಇದೇ ಏನ್ರಿ ಸರ್ ಎಂದು ಕೇಳಿದ. ಅಲ್ಲಿ ಸಕ್ಕರೆಯನ್ನು ಒಡೆಯುವುದು ಮುಖ್ಯವಾಗಿ ಇನ್ವರ್ಟೇಸ್ ಎಂಬ ಕಿಣ್ವ, ಒಡೆದು ಆಗುವುದು ಇವೇ ಗ್ಲೂಕೋಸ್, ಫ್ರಕ್ಟೋಸ್ ಎಂದೆ. ಆ ಪ್ರಶ್ನೆಯೊಂದಕ್ಕೇ ಖರೀದಿ ಸಾರ್ಥಕವೆನಿಸಿತು.

ಈಗ ಬೇಸಿಗೆಯ ತಂಡಗಳಿಗೆ ಆಮ್ಲವನ್ನು ಅರ್ಧಕ್ಕಿಳಿಸಿ, ಬೆಳಗ್ಗೆ ಎಂಟಕ್ಕೇ ಪ್ರಯೋಗ ಮುಗಿಸುತ್ತೇವೆ. ಕೊಳ್ಳುವವರು ಹೊರಕವಚದ ಕೊಳವೆಯನ್ನು ದರಪಟ್ಟಿಯಲ್ಲಿಯೇ ಬರೆಸಿಕೊಳ್ಳಲಿ; ಕೊಳವೆಯ ಲೋಹದ ಮುಚ್ಚಳಗಳನ್ನು ಆಮ್ಲ ತಿನ್ನುವುದರಿಂದ ಬಿಡಿ ಮುಚ್ಚಳಗಳನ್ನೂ ಕೇಳಲಿ.