ಕಡಲಿಗೆ ಸೈ, ಮಲೆನಾಡಿಗೆ ಅರ್ಧ ಸೈ: ಬಾಡಿಗೆಯ ಇಬ್ಬರ ಟೆಂಟ್ ಕಿಟ್

ಬೆಂಗಳೂರಿನ ಟ್ರೆಕ್ಕಿಂಗ್ ಅಂಗಡಿಗಳು ಜೋಡಿಗಳಿಗೆಂದು ಬಾಡಿಗೆಗೆ ಕೊಡುವ ಕಿಟ್ ಹೆಚ್ಚುಕಡಿಮೆ ಒಂದೇ ಥರ: ಇಬ್ಬರ ಡೋಮ್ ಟೆಂಟ್, ಫೋಮ್ ಮ್ಯಾಟ್, ಸ್ಲೀಪಿಂಗ್ ಬ್ಯಾಗ್, ಬ್ಯುಟೇನ್ ಸ್ಟೌ, ಲ್ಯಾಂಟರ್ನ್. ಬೈಂದೂರಿನ ಕಡಲತೀರದಿಂದ ಕೊಲ್ಲೂರು, ನಿಟ್ಟೂರು, ಬಿದನೂರು ನಗರದ ಮೇಲೆ ತೀರ್ಥಹಳ್ಳಿಗೆ ಆರಾಮವಾಗಿ ಕಾರಿನಲ್ಲಿ ಹೋಗುವವರಿಗೆ ಇಷ್ಟು ಸಾಕೇ? ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಾಕು. ಮಳೆಗಾಲದಲ್ಲಿ ಬೇಡವೇ ಬೇಡ.

ಟೆಂಟನ್ನು ಅಂಗಡಿಯಲ್ಲೇ ಬಿಚ್ಚಿಸಿ ನೋಡಿ. ಫೈಬರ್ ಕಡ್ಡಿಗಳು ಉದ್ದುದ್ದ ಸೀಳಿರುತ್ತವೆ. ಹಳೆಯ ಬಟ್ಟೆಯಲ್ಲಿ ಉಜ್ಜಿದರೆ ಎಳೆ ಸಿಕ್ಕಿಕೊಂಡು ಗೊತ್ತಾಗುತ್ತದೆ. ಹೊರಹೊದಿಕೆಯ ಒಳಮೈ ಅಂಟಂಟಾಗಿ ಮುಗ್ಗಲು ವಾಸನೆ ಬಂದರೆ ಅದರ ಲೇಪ ಸತ್ತಿದೆ, ಬೇರೆ ಕೇಳಿ. ನೆಲ 210 × 130 ಸೆಂ.ಮೀ. ಇದ್ದರೆ ಎರಡು ಮ್ಯಾಟ್ ಹಿಡಿಸುತ್ತವೆ, ಬ್ಯಾಗುಗಳು ಕಾರಿನಲ್ಲೇ ಇರಬೇಕು.

ಕಿಟ್‌ನ ತಂತಿಗೂಟಗಳು ಮರಳಿನಲ್ಲಿ ಕೆಲಸಕ್ಕೆ ಬಾರವು. ನಾಲ್ಕಾರು ಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದಡಿ ಆಳಕ್ಕೆ ಹೂತರೆ ಟೆಂಟ್ ಅಲ್ಲಾಡುವುದಿಲ್ಲ. ಸಂಜೆಯ ಗಾಳಿ ನೋಡಿ ಬಾಗಿಲಿನ ದಿಕ್ಕು ನಿರ್ಧರಿಸಬೇಡಿ: ಹಗಲು ಕಡಲಿಂದ ಬೀಸುವ ಗಾಳಿ ರಾತ್ರಿ ನೆಲದಿಂದ ಕಡಲಿಗೆ ತಿರುಗುತ್ತದೆ. ಅಲೆ ತಂದುಹಾಕಿದ ಕಸದ ಗೆರೆಗಿಂತ ಸಾಕಷ್ಟು ಮೇಲಿರಿ, ಹುಣ್ಣಿಮೆ ಅಮಾವಾಸ್ಯೆಗೆ ಇನ್ನೂ ಮೇಲೆ. ದೋಣಿ ಎಳೆಯುವ ಜಾಗ ಯಾವುದೆಂದು ಮೀನುಗಾರರನ್ನು ಕೇಳಿದರೆ ನಸುಕಿನಲ್ಲಿ ಯಾರೂ ಎಬ್ಬಿಸುವುದಿಲ್ಲ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ನೋಡಲು ಚಂದ, ಆದರೆ ನಡುವೆ ಹೆದ್ದಾರಿ, ರಾತ್ರಿಯಿಡೀ ಲಾರಿ. ಸೂರ್ಯಾಸ್ತ ನೋಡಿ ಮುಂದೆ ಹೋಗಿ. ಹೊರಡುವ ಮುಂಚೆ ಜಿಪ್‌ಗಳಿಗೆ ಒಂದು ಚೊಂಬು ಸಿಹಿನೀರು ಹಾಕದಿದ್ದರೆ ಉಪ್ಪು, ಮರಳು ಸೇರಿ ಹಲ್ಲು ಕಚ್ಚಿಕೊಳ್ಳುತ್ತವೆ.

ಘಾಟಿ ಹತ್ತಿದ ಮೇಲೆ ತಕರಾರು ಬೇರೆ. ಬೆಳಗ್ಗೆ ಸ್ಲೀಪಿಂಗ್ ಬ್ಯಾಗ್ ಒದ್ದೆಯಾಗಿದ್ದರೆ ಎಲ್ಲರೂ ಟೆಂಟ್ ಸೋರುತ್ತದೆ ಎಂದು ಅಂಗಡಿಯವನನ್ನು ಬೈಯುತ್ತಾರೆ. ಬಹುಪಾಲು ಅದು ಒಳಗಿದ್ದ ಇಬ್ಬರ ಉಸಿರು; ರಾತ್ರಿಯ ಚಳಿಗೆ ತಣ್ಣಗಾದ ಹೊದಿಕೆಗೆ ತಾಗಿ ಹನಿಯಾಗುತ್ತದೆ. ಚಳಿಯೆಂದು ಕಿಂಡಿ ಮುಚ್ಚಿದಷ್ಟೂ ನೀರು ಹೆಚ್ಚು. ಮೇಲಿನ ಕಿಂಡಿ ತೆರೆದಿಟ್ಟು, ಹೊರಹೊದಿಕೆ ಒಳಬಟ್ಟೆಗೆ ತಾಗದಂತೆ ಹಗ್ಗ ಬಿಗಿಯಿರಿ. ಮರದಡಿ ಇಬ್ಬನಿ ಕಡಿಮೆ, ನಿಜ. ಅಡಿಕೆ, ತೆಂಗಿನ ಮರದಡಿ ಮಾತ್ರ ಬೇಡ. ಒಣಗಿದ ಸೋಗೆ ಹಾಳೆ ಸಮೇತ ಬಿದ್ದರೆ ಕಡ್ಡಿ ಉಳಿಯುವುದಿಲ್ಲ.

ಕೊಲ್ಲೂರು ಸುತ್ತಮುತ್ತ ಮೂಕಾಂಬಿಕಾ ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬಿಡಾರ ಹೂಡುವಂತಿಲ್ಲ. ಹಾಗಾಗಿ ತೋಟದ ಮನೆಯವರನ್ನು ಕೇಳುವುದೇ ದಾರಿ. ಆದರೆ ಚಳಿಗಾಲ ಅಡಿಕೆ ಕೊಯ್ಲಿನ ಕಾಲ, ಅಂಗಳದ ತುಂಬ ಅಡಿಕೆ ಹರಡಿರುತ್ತದೆ. ಸಿಗುವುದು ಕೊಯ್ದ ಗದ್ದೆ. ಅಲ್ಲಿನ ಕೂಳೆ ಟೆಂಟಿನ ತಳ ತೂತು ಮಾಡುತ್ತದೆ. ಅಡಿಗೆ ಟಾರ್ಪಾಲು ಹಾಸಿ, ಅದರ ಅಂಚು ತಳಕ್ಕಿಂತ ಎರಡಿಂಚು ಒಳಗಿರಲಿ. ಹೊರಗೆ ಚಾಚಿದರೆ ಹೊದಿಕೆಯಿಂದ ಇಳಿದ ನೀರೆಲ್ಲ ಅಡಿಗೇ ಸೇರುತ್ತದೆ.

ಮ್ಯಾಟ್ ಕಿಟ್‌ನ ದುರ್ಬಲ ಭಾಗ. 6 ಮಿ.ಮೀ. ಫೋಮ್ ಮರಳಿನ ಮೇಲೆ ಸರಿ, ಮಲೆನಾಡಿನ ತಣ್ಣನೆ ನೆಲಕ್ಕೆ ಸಾಲದು, 10 ಮಿ.ಮೀ.ನದು ಕೊಂಡುಬಿಡಿ. ಸ್ಟೌ ಪರವಾಗಿಲ್ಲ. ನಸುಕಿನಲ್ಲಿ ಉರಿ ಸೊರಗಿದರೆ ಗ್ಯಾಸ್ ಮುಗಿದಿದೆ ಎಂದುಕೊಂಡು ಡಬ್ಬಿ ಎಸೆಯಬೇಡಿ, ತಣ್ಣಗಾಗಿ ಒತ್ತಡ ಇಳಿದಿರುತ್ತದೆ. ರಾತ್ರಿ ಡಬ್ಬಿಯನ್ನು ಕಳಚಿ ಬಟ್ಟೆಯಲ್ಲಿ ಸುತ್ತಿಡಿ. ಟೆಂಟಿನೊಳಗೆ ಸ್ಟೌ ಹಚ್ಚಲೇಬಾರದು. ಬೆಂಕಿಯ ಭಯವಷ್ಟೇ ಅಲ್ಲ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೊಲ್ಲುತ್ತದೆ.

ವಾಪಸು ಕೊಡುವಾಗ ಟೆಂಟ್ ಒಣಗಿರಬೇಕು, ಗೂಟಗಳ ಲೆಕ್ಕ ರಸೀದಿಯಲ್ಲಿ ಬರೆಸಿಕೊಂಡಿರಬೇಕು. ಠೇವಣಿಯ ಜಗಳ ಹೆಚ್ಚಾಗಿ ಇವೆರಡರ ಮೇಲೆಯೇ.